ರಾಟ್‌ವೀಲರ್, ಪಿಟ್‌ಬುಲ್ ಹುಟ್ಟಿನಿಂದಲೇ ಅಪಾಯಕಾರಿನಾ? 23 ತಳಿಗಳ ಪಟ್ಟಿ ಮತ್ತೆ ಓಡಾಡ್ತಿದೆ

ಕೆಂಗೇರಿ_ಕಿಟ್ಟಿ
ಅಪಾರ್ಟ್‌ಮೆಂಟ್ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಮತ್ತೆ ಆ 23 ತಳಿಗಳ ಪಟ್ಟಿ ಸುತ್ತುತ್ತಿದೆ. "ಕೇಂದ್ರ ಸರ್ಕಾರ ನಿಷೇಧಿಸಿದೆ, ರಾಟ್‌ವೀಲರ್, ಪಿಟ್‌ಬುಲ್, ಕೇನ್ ಕೊರ್ಸೊ ಸಾಕಿರೋರು ಕೂಡಲೇ ಹೊರಗೆ ಸಾಗಿಸಿ" ಅಂತ ಕೆಳಗೊಂದು ಒಕ್ಕಣೆ ಬೇರೆ. ಎರಡು ಪ್ರಶ್ನೆ. ಆ ಪಟ್ಟಿಗೆ ಈಗ ಕಾನೂನಿನ ಬಲ ಇದೆಯಾ? ಕಾನೂನು ಪಕ್ಕಕ್ಕಿಟ್ಟರೂ, ಕೆಲವು ತಳಿ ಹುಟ್ಟಾ ಅಪಾಯಕಾರಿ ಅನ್ನೋದು ನಿಜವಾ, ಇಲ್ಲ ಸಾಕೋರ ತಪ್ಪನ್ನ ನಾಯಿ ತಲೆಗೆ ಕಟ್ತಿದ್ದೀವಾ? "ನಮ್ಮ ಟಾಮಿ ಬಂಗಾರ" ಕಥೆಗಳು ಬೇಡ, ದಯವಿಟ್ಟು. ಗೊತ್ತಿರೋರು ವಿಷಯ ಹೇಳಿ.

ಬಿಬ್ಲಾಕ್_ಕಾರ್ಯದರ್ಶಿ
ಬಲ ಇದೆಯೋ ಇಲ್ಲವೋ, 50 ಕೆ.ಜಿ. ನಾಯಿ ಲಿಫ್ಟಲ್ಲಿ ಮಗು ಪಕ್ಕ ನಿಲ್ಲೋದು ಬೇಡ. ಇಷ್ಟಕ್ಕೆ ಸುತ್ತೋಲೆ ಯಾಕೆ ಬೇಕು, ಬುದ್ಧಿ ಸಾಲದಾ?

ಕರಿಕೋಟು
ಮೊದಲ ಪ್ರಶ್ನೆಗೆ. ಆ ಪತ್ರ ಹೊರಟಿದ್ದು 2024ರ ಮಾರ್ಚ್ 12ರಂದು, ಕೇಂದ್ರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯಿಂದ ರಾಜ್ಯಗಳಿಗೆ. 23 ತಳಿಗಳ ಮಾರಾಟ, ಸಂತಾನೋತ್ಪತ್ತಿ, ಸಾಕಣೆಗೆ ಪರವಾನಗಿ ಕೊಡಬೇಡಿ, ಈಗಾಗಲೇ ಸಾಕಿರೋದಕ್ಕೆ ಸಂತಾನಹರಣ ಮಾಡಿಸಿ ಅನ್ನೋದು ಸಾರಾಂಶ. ಒಂದೇ ವಾರದಲ್ಲಿ, ಮಾರ್ಚ್ 19ಕ್ಕೆ, ಕರ್ನಾಟಕ ಹೈಕೋರ್ಟ್ ತಡೆ ಕೊಡ್ತು. ಏಪ್ರಿಲ್ 10ಕ್ಕೆ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ ಪೂರ್ತಿ ರದ್ದು ಮಾಡ್ತು. ಸಂಬಂಧಪಟ್ಟವರ ಮಾತೇ ಕೇಳದೆ, ಕಾನೂನು ಹೇಳಿದ ದಾರಿ ಹಿಡಿಯದೆ ಹೊರಡಿಸಿದ್ದೀರಿ ಅನ್ನೋದು ಮುಖ್ಯ ಕಾರಣ. ಸರಿಯಾದ ಕ್ರಮದಲ್ಲಿ ಹೊಸದಾಗಿ ತರೋಕೆ ಬಾಗಿಲು ಮುಚ್ಚಿಲ್ಲ. ಆಮೇಲೆ ಕೇಂದ್ರ ಸಾರ್ವಜನಿಕರಿಂದ ಆಕ್ಷೇಪ, ಸಲಹೆ ಕೂಡ ಕರೀತು.

ಅಂದ್ರೆ ನಮ್ಮ ರಾಜ್ಯದಲ್ಲಿ ಆ ಪತ್ರ ತೋರಿಸಿ ಯಾರನ್ನೂ ಖಾಲಿ ಮಾಡಿಸೋಕೆ ಬರಲ್ಲ. ಸಂಘದ ಬೈಲಾದಲ್ಲಿ ಬರೆದುಕೊಂಡ್ರೂ ಅಷ್ಟೇ. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ, ಸಂಘಗಳು ಸಾಕುನಾಯಿಯನ್ನ ನಿಷೇಧಿಸೋ ಹಾಗಿಲ್ಲ, ಲಿಫ್ಟ್ ಬಳಸಬೇಡಿ ಅನ್ನೋ ಹಾಗಿಲ್ಲ ಅನ್ನುತ್ತೆ.

ಬಿಬ್ಲಾಕ್_ಕಾರ್ಯದರ್ಶಿ
ಮಾರ್ಗಸೂಚಿ ಕಾನೂನಲ್ಲ ವಕೀಲರೇ.

ಕರಿಕೋಟು
ಒಪ್ಪಿದೆ. ಹಾಗೇ ನಿಮ್ಮ ಜನರಲ್ ಬಾಡಿ ನಿರ್ಣಯವೂ ಕಾನೂನಲ್ಲ. ಕಾನೂನು ಬೇಕಾದ್ರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಓದಿ. ತನ್ನ ಪ್ರಾಣಿಯಿಂದ ಪ್ರಾಣಾಪಾಯವೋ ತೀವ್ರ ಗಾಯವೋ ಆಗಬಹುದು ಅಂತಿದ್ದಾಗ ಸಾಕಷ್ಟು ಎಚ್ಚರಿಕೆ ವಹಿಸದವರಿಗೆ 6 ತಿಂಗಳವರೆಗೆ ಜೈಲು, ಅಥವಾ 5,000 ರೂ.ವರೆಗೆ ದಂಡ, ಅಥವಾ ಎರಡೂ. ಅದರಲ್ಲಿ ತಳಿಯ ಹೆಸರೇ ಇಲ್ಲ. ಪಗ್ ಮಾಲೀಕನಿಗೂ ಅದೇ, ಪಿಟ್‌ಬುಲ್ ಮಾಲೀಕನಿಗೂ ಅದೇ.

ಸುಮ್ನೆ_ಓದೋನು
5 ಸಾವಿರಕ್ಕೆ ಯಾರು ಹೆದರ್ತಾರೆ ಗುರು, ಆ ಮರಿಗೇ 40 ಸಾವಿರ ಕೊಟ್ಟಿರ್ತಾರೆ.

ಅಂಕಿಅಂಶ_ಅಣ್ಣ
ಪಟ್ಟಿಯನ್ನೇ ಒಮ್ಮೆ ಸಾವಕಾಶ ಓದಿ. ಟೋಸಾ ಎರಡು ಸಲ ಬಂದಿದೆ. ಬೋರ್‌ಬೋಲ್ ಒಮ್ಮೆ ಒಂಟಿಯಾಗಿ, ಇನ್ನೊಮ್ಮೆ ಮ್ಯಾಸ್ಟಿಫ್ ಜೊತೆ. ನಡುವೆ ಒಂದು ಕಡೆ ಬರೀ "ಟೆರಿಯರ್‌ಗಳು" ಅಂತಿದೆ. ಟೆರಿಯರ್ ಅಂದ್ರೆ ಯಾವುದು? ಮೂರು ಕೆ.ಜಿ. ಯಾರ್ಕ್‌ಷೈರ್ ಟೆರಿಯರೂ ಟೆರಿಯರೇ, ಜಾಕ್ ರಸೆಲ್ಲೂ ಟೆರಿಯರೇ. ಟರ್ಕಿಯ ಕಾಂಗಾಲ್, ಅಕ್ಬಾಶ್, ಬಾಲ್ಕನ್ ಕಡೆಯ ಶಾರ್ಪ್ಲಾನಿನಾಟ್ಸ್, ಟೋರ್ನ್ಯಾಕ್, ಇವೆಲ್ಲ ಕುರಿ ಕಾಯೋ ನಾಯಿಗಳು. ಬೆಂಗಳೂರಿನ ಬೀದಿಯಲ್ಲಿ ಟೋರ್ನ್ಯಾಕ್ ಕಂಡವರು ಕೈ ಎತ್ತಿ.

ರೀಡಿಂಗ್_ರಾಯರು
ಇಂಗ್ಲೆಂಡಿನ ಪಾಠ ನೋಡಿದ್ರೆ ಪಟ್ಟಿಯ ಹಣೆಬರಹ ಗೊತ್ತಾಗುತ್ತೆ. 1991ರ ಅಪಾಯಕಾರಿ ನಾಯಿಗಳ ಕಾಯ್ದೆಯಲ್ಲಿ ನಾಲ್ಕು ಬಗೆ: ಪಿಟ್‌ಬುಲ್ ಟೆರಿಯರ್, ಜಪಾನಿ ಟೋಸಾ, ಡೋಗೊ ಅರ್ಜೆಂಟಿನೊ, ಫಿಲಾ ಬ್ರಸಿಲೇರೊ. ಮೂವತ್ತು ವರ್ಷ ಅದೇ ಪಟ್ಟಿ ಇಟ್ಟುಕೊಂಡು ಕೂತ್ರು. ಅಷ್ಟರಲ್ಲಿ ಪಟ್ಟಿಯಲ್ಲಿಲ್ಲದ ಎಕ್ಸ್‌ಎಲ್ ಬುಲ್ಲಿ, ಅಂದ್ರೆ ಪಿಟ್‌ಬುಲ್ ಬಗೆಯದೇ ಇನ್ನೂ ದೊಡ್ಡ ನಾಯಿ, ಬೆಳೀತು. ಅದನ್ನ ಸೇರಿಸಿದ್ದು 2023ರ ಕೊನೆಗೆ. 2024ರ ಫೆಬ್ರವರಿ 1ರಿಂದ ವಿನಾಯಿತಿ ಪತ್ರ ಇಲ್ಲದೆ ಇಟ್ಟುಕೊಳ್ಳೋದೇ ಅಪರಾಧ. ಪತ್ರಕ್ಕೆ ಶುಲ್ಕ 92 ಪೌಂಡ್ 40 ಪೆನ್ಸ್, ಜೊತೆಗೆ ಮೈಕ್ರೋಚಿಪ್, ಸಂತಾನಹರಣ, ಮೂರನೆಯವರ ವಿಮೆ, ಹೊರಗೆ ಹೋದ್ರೆ ಲೀಶ್ (ಹಿಡಿಯೋ ಹಗ್ಗ) ಮತ್ತು ಮಜಲ್ (ಬಾಯಿಗೆ ಹಾಕೋ ಕುಕ್ಕೆ) ಕಡ್ಡಾಯ.

ಒಂದು ಸೂಕ್ಷ್ಮ ಇದೆ. ಅಲ್ಲಿ ಅಪ್ಪ-ಅಮ್ಮ ಯಾರು ಅಂತ ಕೇಳಲ್ಲ, ಟೇಪ್ ಹಿಡೀತಾರೆ. ಭುಜದ ಎತ್ತರ ಗಂಡಿಗೆ 20 ಇಂಚು, ಹೆಣ್ಣಿಗೆ 19 ಇಂಚು ಮುಟ್ಟಿ, ತಲೆ, ಎದೆ, ಕಾಲಿನ ಲಕ್ಷಣಗಳು ಸಾಕಷ್ಟು ಹೊಂದಿದ್ರೆ ಅದು ಎಕ್ಸ್‌ಎಲ್ ಬುಲ್ಲಿ. ಒಂದೇ ಹೊಟ್ಟೆಯ ಎರಡು ಮರಿಗಳಲ್ಲಿ ಒಂದು ನಿಷಿದ್ಧ, ಇನ್ನೊಂದು ಅಲ್ಲ ಅಂತಾಗಬಹುದು. ಇದು ತಳಿ ನಿಷೇಧವೋ ಅಳತೆ ನಿಷೇಧವೋ ನೀವೇ ಹೇಳಿ.

ಬಿಬ್ಲಾಕ್_ಕಾರ್ಯದರ್ಶಿ
ಅಳತೆ ನಿಷೇಧವೇ ಇರಲಿ, ತಪ್ಪೇನು? ದೊಡ್ಡ ದವಡೆ, ದೊಡ್ಡ ಗಾಯ.

ಪಶುವೈದ್ಯೆ_ಹಾಸನ
ಕಾರ್ಯದರ್ಶಿಗಳ ಕೊನೇ ಮಾತಲ್ಲಿ ಅರ್ಧ ಸತ್ಯ ಇದೆ, ಅದನ್ನ ಬಿಟ್ಟುಕೊಡಬಾರದು. ಇಲ್ಲಿ ಎರಡು ಪ್ರಶ್ನೆಯನ್ನ ಕಲಸಿಬಿಡ್ತಾರೆ. ನಾಯಿ ಕಚ್ಚುತ್ತಾ ಅನ್ನೋದು ಒಂದು. ಕಚ್ಚಿದ್ರೆ ಏನಾಗುತ್ತೆ ಅನ್ನೋದು ಇನ್ನೊಂದು. ಮೊದಲನೇದಕ್ಕೆ ತಳಿಯಿಂದ ಉತ್ತರ ಸಿಗೋದು ತೀರಾ ಕಡಿಮೆ. ಎರಡನೇದಕ್ಕೆ ಸಾಕಷ್ಟು ಸಿಗುತ್ತೆ.

ಡ್ಯಾಶ್‌ಹಂಡ್ ಕಚ್ಚಿದ್ರೆ ತೂತು ಬೀಳುತ್ತೆ, ತೊಳೆದು ಲಸಿಕೆ ಹಾಕ್ತೀವಿ. ರಾಟ್‌ವೀಲರ್ ಗಂಡು 50–60 ಕೆ.ಜಿ. ಇರುತ್ತೆ, ಐದು ವರ್ಷದ ಮಗುವಿನ ಮೂರು ಪಟ್ಟು. ಮೇಲೆ ಕಾಲಿಟ್ಟರೇ ಮಗು ನೆಲಕ್ಕೆ, ಮುಖ ಮತ್ತು ಕುತ್ತಿಗೆ ನಾಯಿಯ ಬಾಯಿಯ ಎತ್ತರಕ್ಕೆ ಬರುತ್ತೆ. ಪಿಟ್‌ಬುಲ್ ಬಗೆಯವು ಅಷ್ಟು ಭಾರ ಇಲ್ಲ, ಆದರೆ ಹಿಡಿದು, ಬಿಡದೆ, ಕೊಡವೋ ಗುಣ ಜಾಸ್ತಿ. ತೂತಲ್ಲ, ಮಾಂಸವೇ ಕಿತ್ತು ಬರೋದು ಅದರಿಂದ. "ದವಡೆ ಲಾಕ್ ಆಗುತ್ತೆ" ಅನ್ನೋದು ಮಾತ್ರ ಶುದ್ಧ ಸುಳ್ಳು. ತಲೆಬುರುಡೆಯಲ್ಲಿ ಅಂಥ ಯಾವ ಕೀಲೂ ಇಲ್ಲ.

ಸೀಟಿ_ಟ್ರೇನರ್
ಮೇಡಂ ಹೇಳಿದ್ದಕ್ಕೆ ಒಂದು ಎಳೆ ಸೇರಿಸ್ತೀನಿ. ಬೇಟೆಯ ಸರಣಿ ಎಲ್ಲ ನಾಯಿಗೂ ಒಂದೇ: ದಿಟ್ಟಿಸು, ಹೊಂಚು ಹಾಕು, ಅಟ್ಟು, ಹಿಡಿ, ಕೊಲ್ಲು. ತಳಿ ಮಾಡಿದವರು ಈ ಸರಣಿಯಲ್ಲಿ ಒಂದನ್ನ ಹೆಚ್ಚಿಸಿದ್ರು, ಒಂದನ್ನ ತಗ್ಗಿಸಿದ್ರು. ಬಾರ್ಡರ್ ಕೋಲಿ ದಿಟ್ಟಿಸಿ ಅಟ್ಟುತ್ತೆ, ಹಿಡಿಯೋಕೆ ಮುಂಚೆ ನಿಲ್ಲಬೇಕು. ರಿಟ್ರೀವರ್ ಹಿಡಿಯುತ್ತೆ, ಒತ್ತಲ್ಲ. ಡೋಗೊನ ಅರ್ಜೆಂಟಿನಾದ ಕೊರ್ಡೊಬಾದಲ್ಲಿ 1920ರ ದಶಕದಿಂದ ಬೆಳೆಸಿದ್ದು ಕಾಡುಹಂದಿ ಹಿಡಿದು ನಿಲ್ಲಿಸೋಕೆ, ಅದು ಬಿಟ್ಟರೆ ಹಂದಿ ತಿವೀತದೆ. ಪಿಟ್‌ಬುಲ್ಲನ್ನ ನಾಯಿ-ನಾಯಿ ಕಾದಾಟಕ್ಕೆ ಬೆಳೆಸಿದ್ರು. ರಾಟ್‌ವೀಲರ್ ಜರ್ಮನಿಯ ರಾಟ್‌ವೈಲ್ ಊರಿನ ದನ ಹೊಡೆಯೋ ನಾಯಿ. ದನವನ್ನ ಮೈಯಿಂದ ತಳ್ಳುತ್ತೆ, ಅಪರಿಚಿತರನ್ನ ತಡೆಯುತ್ತೆ. "ಎಲ್ಲಾ ನಾಯಿ ಒಂದೇ, ಸಾಕೋ ರೀತಿ ಅಷ್ಟೇ" ಅನ್ನೋರು, ರಿಟ್ರೀವರ್ ಯಾಕೆ ಹೇಳಿಕೊಡದೆ ಚೆಂಡು ತಂದುಕೊಡುತ್ತೆ ಅಂತ ಮೊದಲು ಹೇಳಲಿ.

ಬೀದಿಬಂಧು
ಕಾದಾಟದ ಕಣದಲ್ಲಿ ಯಜಮಾನರು ಕೈಯಿಂದಲೇ ನಾಯಿ ಬಿಡಿಸಬೇಕಿತ್ತು. ಹಾಗಾಗಿ ಮನುಷ್ಯರನ್ನ ಕಚ್ಚೋ ನಾಯಿಯನ್ನ ಕೊಂದುಹಾಕ್ತಿದ್ರು, ಪಿಟ್‌ಬುಲ್ ಮನುಷ್ಯರಿಗೆ ಸೌಮ್ಯವೇ. ಇದು ಎಲ್ಲರಿಗೂ ಗೊತ್ತಿರೋದು.

ಸೀಟಿ_ಟ್ರೇನರ್
ಎಲ್ಲರೂ ಹೇಳೋದು ಅನ್ನಿ. ಮನುಷ್ಯರಿಗೆ ಬಾಯಿ ಹಾಕ್ತಿದ್ದ ನಾಯಿ ಗೆಲ್ಲುತ್ತೆ ಅಂತಾದ್ರೆ ಅದರಿಂದ ಮರಿ ತೆಗೆದದ್ದೂ ಉಂಟು. ಇವತ್ತು ನಮ್ಮಲ್ಲಿ ಪಿಟ್‌ಬುಲ್ ಅಂತ ಮಾರ್ತಾರಲ್ಲ, ಅದರ ಅಪ್ಪ ಯಾರು, ಅಮ್ಮನ ಸ್ವಭಾವ ಏನು, ಮಾರೋನಿಗೇ ಗೊತ್ತಿಲ್ಲ. ನಾಯಿಗಳ ತಳಿ ನೋಂದಾಯಿಸೋ ಕೆನಲ್ ಕ್ಲಬ್ ಆಫ್ ಇಂಡಿಯಾ ಅಮೆರಿಕನ್ ಪಿಟ್‌ಬುಲ್ ಟೆರಿಯರನ್ನ ತಳಿ ಅಂತ ಒಪ್ಪೇ ಇಲ್ಲ. ಹಾಗಾಗಿ "ಪೇಪರ್ ಇದೆ" ಅಂದ್ರೆ ಯಾವ ಪೇಪರ್ ಅಂತ ಕೇಳಿ.

ಅಂಕಿಅಂಶ_ಅಣ್ಣ
ಈಗ ಅಂಕಿ. ಎರಡೂ ಬಣದವರು ತಮಗೆ ಬೇಕಾದ್ದನ್ನ ಮಾತ್ರ ಎತ್ತಿಕೊಳ್ತಾರೆ.

ಅಮೆರಿಕದಲ್ಲಿ 1979ರಿಂದ 1998ರವರೆಗೆ ತಳಿ ದಾಖಲಾದ 238 ಸಾವುಗಳನ್ನ ನೋಡಿದ್ರು. ಕನಿಷ್ಠ 25 ತಳಿಗಳ ಪಾತ್ರ ಇತ್ತು, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಪಿಟ್‌ಬುಲ್ ಬಗೆ ಮತ್ತು ರಾಟ್‌ವೀಲರ್. ನಿಷೇಧದ ಪರ ಇರೋರು ಇಲ್ಲಿಗೆ ನಿಲ್ಲಿಸ್ತಾರೆ. ಆದರೆ ಯಾವ ತಳಿಯ ನಾಯಿ ಒಟ್ಟು ಎಷ್ಟಿವೆ ಅನ್ನೋ ಲೆಕ್ಕವೇ ಇಲ್ಲದಿದ್ರೆ ದರ ತೆಗೆಯೋದು ಹೇಗೆ? ಆ ಸಂಶೋಧಕರೇ ಅದನ್ನ ಎಚ್ಚರಿಸಿದ್ದಾರೆ.

2000ದಿಂದ 2009ರವರೆಗಿನ 256 ಸಾವುಗಳನ್ನ 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಪೊಲೀಸ್ ದಾಖಲೆ ಹಿಡಿದು ಬಿಡಿಸಿ ನೋಡ್ತು. ತಡೆಯಬಲ್ಲ ದೊಡ್ಡವರು ಹತ್ತಿರ ಇರಲಿಲ್ಲ, 87.1%. ನಾಯಿಗೂ ಸತ್ತವರಿಗೂ ಒಡನಾಟ ಇರಲಿಲ್ಲ, 85.2%. ಸಂತಾನಹರಣ ಆಗಿರಲಿಲ್ಲ, 84.4%. ಮನೆಮಂದಿಯಿಂದ ದೂರ, ಕಟ್ಟಿಯೋ ಕೂಡಿಯೋ ಇಟ್ಟ ನಾಯಿ, 76.2%. ಇಂಥ ನಾಲ್ಕು ಅಥವಾ ಹೆಚ್ಚು ಕಾರಣ ಒಟ್ಟಿಗೆ ಸೇರಿದ್ದು 80.5% ಪ್ರಕರಣಗಳಲ್ಲಿ. ತಳಿ ಯಾವುದು ಅಂತ ನಂಬಬಹುದಾದಷ್ಟು ಖಾತ್ರಿಯಾಗಿದ್ದು ಬರೀ 17.6% ಸಾವುಗಳಲ್ಲಿ.

2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದದ್ದು: 18,385 ನಾಯಿಗಳ ಮಾಲೀಕರ ಉತ್ತರ, 2,155 ನಾಯಿಗಳ ಡಿಎನ್‌ಎ. ಒಂದು ನಾಯಿಗೂ ಇನ್ನೊಂದಕ್ಕೂ ಇರೋ ಸ್ವಭಾವದ ವ್ಯತ್ಯಾಸದಲ್ಲಿ ತಳಿ ವಿವರಿಸೋದು ಸುಮಾರು 9%.

ಬಿಬ್ಲಾಕ್_ಕಾರ್ಯದರ್ಶಿ
ಮಾಲೀಕರನ್ನ ಕೇಳಿದ್ರೆ "ನಮ್ದು ಏನೂ ಮಾಡಲ್ಲ" ಅಂತಾನೇ ಹೇಳ್ತಾರೆ. ಲಿಫ್ಟಲ್ಲಿ ದಿನಾ ಕೇಳೋ ಮಾತು.

ಅಂಕಿಅಂಶ_ಅಣ್ಣ
ಆಕ್ಷೇಪ ಸರಿ, ಅದು ಆ ಅಧ್ಯಯನದ ಮಿತಿಯೇ. ಆದರೆ ಅದೇ ಉತ್ತರಗಳಲ್ಲಿ ಮಾತು ಕೇಳೋ ಗುಣದ ಹಾಗೆ ಕೆಲವು ಗುಣ ತಳಿಗೆ ತಕ್ಕಂತೆ ಬದಲಾಗಿದ್ದು ಕಂಡಿದೆ. ಕೆರಳೋ ಗುಣ ಮಾತ್ರ ಅಷ್ಟಾಗಿ ಕಂಡಿಲ್ಲ. ಮಾಲೀಕರು ಎಲ್ಲದಕ್ಕೂ ಸುಳ್ಳು ಹೇಳಿದ್ರೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಮುಧೋಳ_ಮಂದಿ
ಒಂದ್ ಮಾತ್ರೀ. ನಮ್ಮ ಕಡೆ ಮುಧೋಳ ನಾಯಿ ಯಾವ ಪಟ್ಟಿಯೊಳಗೂ ಇಲ್ಲ, ಖರೆ. ಆದ್ರ ಮೊಲ ಅಟ್ಟಾಕಂತನ ಹುಟ್ಟಿದ್ದು ಅದು. ಬೆಂಗಳೂರಾಗ ಎರಡು ರೂಮಿನ ಮನಿಯೊಳಗ ಕಟ್ಟಿಹಾಕಿ, ಓಡಾಕ ಜಾಗಾ ಇಲ್ಲದಂಗ ಮಾಡಿದ್ರ, ಅದೂ ಸೈಕಲ್ ಮ್ಯಾಲಿನ ಹುಡುಗನ್ನ, ಓಡೋ ಬೆಕ್ಕನ್ನ ಅಟ್ಟತದ. ತಿಮ್ಮಾಪುರದ ಸಂಶೋಧನಾ ಕೇಂದ್ರದಿಂದ ಮರಿ ಒಯ್ಯೋರು ಮೊದಲ ಬಯಲು ಐತೇನು ನೋಡ್ಕೋಬೇಕ್ರಿ. ದಿನಾ ಸುರಕ್ಷಿತ ಬಯಲಿನ್ಯಾಗ ಬಿಟ್ಟು ಓಡಿಸದಿದ್ರ ಈ ನಾಯಿ ಸಾಕಬಾರದು. ಮಂದಿ ನೋಡೋದು ನಾಯಿ ಸಿಟ್ಟು ಅಂತ. ಅದು ಸಿಟ್ಟಲ್ಲ, ಕೆಲಸ ಇಲ್ಲದ ನಾಯಿ ತಾನ ಕೆಲಸ ಹುಡುಕ್ಕೊಂಡದ.

ಬೀದಿಬಂಧು
ಮುಧೋಳದವ್ರು ಹೇಳಿದ್ದೇ ಪಾಯಿಂಟು. ಅದಿರಲಿ, ಕಚ್ಚಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಕಚ್ಚೋದು ಬೀದಿನಾಯಿ. ಅದರ ಬಗ್ಗೆ ಮಾತಾಡದೆ ವಿದೇಶಿ ತಳಿ ಹಿಂದೆ ಯಾಕೆ ಬಿದ್ದಿದ್ದೀರಿ? ಸುಪ್ರೀಂ ಕೋರ್ಟ್ 2025ರ ಆಗಸ್ಟಲ್ಲಿ ಕೊಟ್ಟ ಆದೇಶ...

ನಿರ್ವಾಹಕ
ಬೀದಿನಾಯಿ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ ಹೊಡೆದಾಟ ನಡೀತಿದೆ. ಇಲ್ಲಿ ಬೇಡ.

ಪಶುವೈದ್ಯೆ_ಹಾಸನ
ಸರಿ, ಆದರೆ ಕಡಿತದ ಮಾತು ಬಂದಿರೋದ್ರಿಂದ ಇದನ್ನ ಹೇಳಿಬಿಡ್ತೀನಿ, ತಳಿ ಯಾವುದೇ ಇರಲಿ. ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೀಬೇಕು. ಗಡಿಯಾರ ನೋಡಿ, ಅಂದಾಜಲ್ಲ. ಅರಿಶಿನ, ಸುಣ್ಣ, ಕಾಫಿಪುಡಿ ಬೇಡ. ರಕ್ತ ಬಂದಿದ್ರೆ ರೇಬೀಸ್ ಲಸಿಕೆಯೊಂದೇ ಸಾಲದು, ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಗಾಯದೊಳಗೇ ಹೋಗಬೇಕು. ಲಸಿಕೆ ಚರ್ಮದಲ್ಲಿ ಕೊಡೋದಾದ್ರೆ 0, 3, 7, 28ನೇ ದಿನ. ಸ್ನಾಯುವಿಗಾದ್ರೆ 0, 3, 7, 14, 28. ಮೂರಾದ ಮೇಲೆ ಬಿಟ್ಟುಬಿಡೋರು ತುಂಬಾ ಜನ. ಸಾಕುನಾಯಿ, ಲಸಿಕೆ ಆಗಿದೆ ಅಂತ ಮಾಲೀಕ ಹೇಳಿದ್ರೂ ಆಸ್ಪತ್ರೆಗೆ ಹೋಗಿ.

ಕೆಂಗೇರಿ_ಕಿಟ್ಟಿ
ಚೆನ್ನಾಗಿದೆ. ಹಾಗಾದ್ರೆ ತಿರುಗಿಸಿ ಕೇಳ್ತೀನಿ. ರಾಟ್‌ವೀಲರ್ ಸಾಕಲೇಬೇಕು ಅನ್ನೋನು ಏನೇನು ಮಾಡಿದ್ರೆ ಅಪಾಯ ಇಳಿಯುತ್ತೆ? ಎಲ್ಲಿ ಎಡವ್ತಾರೆ?

ಸೀಟಿ_ಟ್ರೇನರ್
ಎಡವೋದು ಮರಿ ತರೋ ದಿನವೇ. ನಮ್ಮಲ್ಲಿ 30–35 ದಿನಕ್ಕೇ ಮರಿ ಕೈಗೆ ಕೊಡ್ತಾರೆ. 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮದ ಪ್ರಕಾರ ಎಂಟು ವಾರ ತುಂಬದೆ ಮಾರೋ ಹಾಗಿಲ್ಲ. ಇದು ಬರೀ ಕಾಗದದ ನಿಯಮ ಅಲ್ಲ. ಕಚ್ಚಿದ್ರೆ ಎಷ್ಟು ನೋವಾಗುತ್ತೆ, ಎಷ್ಟಕ್ಕೆ ನಿಲ್ಲಿಸಬೇಕು ಅನ್ನೋದನ್ನ ಮರಿ ಕಲಿಯೋದು ಅಮ್ಮ ಮತ್ತು ಒಡಹುಟ್ಟಿದವುಗಳ ಜೊತೆ ಐದರಿಂದ ಎಂಟನೇ ವಾರದಲ್ಲಿ. ಜೋರಾಗಿ ಕಚ್ಚಿದ್ರೆ ಎದುರಿನ ಮರಿ ಕಿರುಚಿ ಆಟ ನಿಲ್ಲಿಸುತ್ತೆ. ಆ ಪಾಠ ತಪ್ಪಿದ ಮರಿ 50 ಕೆ.ಜಿ. ಆದ ಮೇಲೆ ಅದನ್ನ ಮನುಷ್ಯರ ಮೈಮೇಲೆ ಕಲಿಯೋಕೆ ಹೊರಟರೆ ಏನು ಗತಿ?

ಎರಡನೇ ಎಡವಟ್ಟು, ಮೂರರಿಂದ ಹದಿನಾಲ್ಕನೇ ವಾರದ ಒಳಗೆ ಲೋಕ ತೋರಿಸದೇ ಇರೋದು. ಪಾರ್ವೊ (ಮರಿಗಳನ್ನ ಕೊಲ್ಲಬಲ್ಲ ವೈರಸ್ ರೋಗ) ಭಯಕ್ಕೆ ಲಸಿಕೆ ಮುಗಿಯೋ ತನಕ, ಅಂದ್ರೆ 16 ವಾರ, ಮನೆಯೊಳಗೇ ಕೂಡಿಹಾಕ್ತಾರೆ. ಅಷ್ಟೊತ್ತಿಗೆ ಲೋಕಕ್ಕೆ ಒಗ್ಗಿಕೊಳ್ಳೋ ಕಾಲ ಮುಗಿದಿರುತ್ತೆ. ನೆಲಕ್ಕೆ ಇಳಿಸದೆ ಎತ್ತಿಕೊಂಡು ತಿರುಗಿ. ಹೆಲ್ಮೆಟ್ ಹಾಕಿದವರು, ಕೊಡೆ, ಕೋಲು ಹಿಡಿದ ಅಜ್ಜ, ಸೈಕಲ್, ಡೆಲಿವರಿ ಹುಡುಗರು, ಕುಕ್ಕರ್ ಸೀಟಿ, ಪಟಾಕಿ ಸದ್ದಿನ ರೆಕಾರ್ಡಿಂಗ್ ಕಡಿಮೆ ವಾಲ್ಯೂಮಲ್ಲಿ. ಹೊಸದೊಂದು ಕಂಡಾಗಲೆಲ್ಲ ಒಂದು ತುಣುಕು ಚಿಕನ್. ಯಾರೂ ಮುಟ್ಟಲೇಬೇಕು ಅಂತಿಲ್ಲ, ನೋಡಿ ಸುಮ್ಮನಿದ್ರೆ ಸಾಕು.

ಪಶುವೈದ್ಯೆ_ಹಾಸನ
ಮೂರನೇದು ವಯಸ್ಸು. "ಆರು ತಿಂಗಳಿಗೆ ಎಷ್ಟು ಸಾಧು ಇತ್ತು" ಅಂತ ಬರ್ತಾರೆ. ದೊಡ್ಡ ತಳಿಗಳ ಸ್ವಭಾವ ಗಟ್ಟಿಯಾಗೋದು ಒಂದೂವರೆಯಿಂದ ಮೂರು ವರ್ಷದ ನಡುವೆ. ಕಾವಲು ಗುಣ ಎದ್ದು ಕಾಣೋದೂ ಆಗಲೇ. ಇನ್ನು, ದೊಡ್ಡದಾದ ನಾಯಿ ಇದ್ದಕ್ಕಿದ್ದ ಹಾಗೆ ಕಚ್ಚೋಕೆ ಶುರು ಮಾಡಿದ್ರೆ ಟ್ರೇನರ್ ಹತ್ರ ಓಡಬೇಡಿ, ಮೊದಲು ನಮ್ಮ ಹತ್ರ ಬನ್ನಿ. ಸೊಂಟದ ಕೀಲಿನ ನೋವು, ಕಿವಿಯೊಳಗಿನ ಸೋಂಕು, ಥೈರಾಯ್ಡ್ ಇವೆಲ್ಲ ಸಿಟ್ಟಿನ ವೇಷದಲ್ಲಿ ಬರುತ್ತವೆ. ರಾಟ್‌ವೀಲರಿಗೆ ಸೊಂಟದ ತೊಂದರೆ ಸಾಮಾನ್ಯ.

ಬಿಬ್ಲಾಕ್_ಕಾರ್ಯದರ್ಶಿ
ಇಷ್ಟೆಲ್ಲ ಯಾರು ಮಾಡ್ತಾರೆ ಮೇಡಂ? ನೂರರಲ್ಲಿ ಹತ್ತು ಜನ? ಉಳಿದ ತೊಂಬತ್ತು ಜನರ ನಾಯಿಗೆ ಹೊಣೆ ಯಾರು? ಅದಕ್ಕೇ ಪಟ್ಟಿ ಬೇಕು ಅನ್ನೋದು.

ರೀಡಿಂಗ್_ರಾಯರು
ನೆದರ್‌ಲೆಂಡ್ಸ್ 1993ರಲ್ಲಿ ಪಿಟ್‌ಬುಲ್ ನಿಷೇಧಿಸಿ 2008ರಲ್ಲಿ ಹಿಂದೆ ತಗೊಂಡ್ತು. ಇಟಲಿ 2009ರಲ್ಲಿ ತಳಿ ಪಟ್ಟಿ ಬಿಟ್ಟು ಮಾಲೀಕನ ಹೊಣೆ ಹಿಡೀತು. ಅಮೆರಿಕದ ಡೆನ್ವರ್‌ನಲ್ಲಿ 1989ರಿಂದ ಇದ್ದ ನಿಷೇಧವನ್ನ 2020ರಲ್ಲಿ ಮತದಾರರೇ ತೆಗೆದು ಪರವಾನಗಿಗೆ ಬದಲಾಯಿಸಿದ್ರು. ಆ ತೊಂಬತ್ತು ಜನ ಪಟ್ಟಿಯಲ್ಲಿಲ್ಲದ ಇನ್ನೊಂದು ದೊಡ್ಡ ನಾಯಿ ತರ್ತಾರೆ ಕಾರ್ಯದರ್ಶಿಗಳೇ. ಎಕ್ಸ್‌ಎಲ್ ಬುಲ್ಲಿ ಬೆಳೆದದ್ದೇ ಹಾಗೆ.

ಕರಿಕೋಟು
ಸಂಘ ಮಾಡಬಹುದಾದ್ದು ಇದೆ. ತಳಿ ಬಿಟ್ಟು ನಡವಳಿಕೆಗೆ ನಿಯಮ ಮಾಡಿ. ಲಸಿಕೆ ಪುಸ್ತಕದ ಪ್ರತಿ, ಸಾಮಾನ್ಯ ಜಾಗದಲ್ಲಿ ಲೀಶ್, ನಾಯಿ ಹಿಡಿಯೋರು ಅದನ್ನ ತಡೆಯಬಲ್ಲ ದೊಡ್ಡವರೇ ಆಗಿರಬೇಕು. ಮೂರನೆಯವರ ಹಾನಿ ಸೇರಿದ ವಿಮೆಯೂ ಸಿಗುತ್ತೆ, ಒತ್ತಾಯಿಸದಿದ್ರೂ ಸೂಚಿಸಿ. ಒಮ್ಮೆ ಕಚ್ಚಿದ ನಾಯಿಗೆ, ಅದು ಪಮೇರಿಯನ್ ಆದ್ರೂ, ಬರಹದಲ್ಲಿ ಷರತ್ತು ಹಾಕಿ. ಆ ಬರಹ ಇದ್ರೆ ಮುಂದೆ 291ನೇ ಕಲಂ ಕೆಳಗೆ "ಗೊತ್ತಿರಲಿಲ್ಲ" ಅನ್ನೋಕೆ ಮಾಲೀಕನಿಗೆ ಬಾಯಿ ಇರಲ್ಲ.

ಬಿಬ್ಲಾಕ್_ಕಾರ್ಯದರ್ಶಿ
ಇದು ಕೇಳೋ ಮಾತು. ಕೆಲಸದವಳ ಕೈಲಿ, ಹತ್ತು ವರ್ಷದ ಮಗುವಿನ ಕೈಲಿ ರಾಟ್‌ವೀಲರ್ ಕೊಟ್ಟು ಕಳಿಸೋದನ್ನ ಮೊದಲು ನಿಲ್ಲಿಸಬೇಕು. ಆದರೂ ಪಟ್ಟಿ ತಪ್ಪು ಅಂತ ಒಪ್ಪಲ್ಲ, ಉದ್ದ ಕಮ್ಮಿ ಮಾಡಿ ಅಂತೀನಿ.

ಸುಮ್ನೆ_ಓದೋನು
ಕಚ್ಚೋಕೆ ಮುಂಚೆ ಗೊತ್ತಾಗಲ್ವಾ? "ಸೂಚನೆಯೇ ಇಲ್ಲದೆ ಎರಗಿತು" ಅಂತ ಯಾವಾಗ್ಲೂ ಸುದ್ದೀಲಿ ಬರುತ್ತೆ.

ಸೀಟಿ_ಟ್ರೇನರ್
ಸೂಚನೆ ಇರುತ್ತೆ, ಓದಿರಲ್ಲ. ಏದುಸಿರು ಬಿಡ್ತಿದ್ದ ಬಾಯಿ ಥಟ್ಟನೆ ಮುಚ್ಚುತ್ತೆ. ಮೈ ಬಿಗಿಯಾಗಿ ಅರೆಗಳಿಗೆ ಅಲ್ಲಾಡಲ್ಲ. ತಲೆ ಅತ್ತ, ಕಣ್ಣು ಇತ್ತ, ಕಣ್ಣಿನ ಬಿಳಿ ಕಾಣುತ್ತೆ. ತಿಂಡಿ ಇಲ್ಲದಿದ್ರೂ ತುಟಿ ನೆಕ್ಕುತ್ತೆ. ಬಾಲ ಎತ್ತರದಲ್ಲಿ ನೆಟ್ಟಗೆ ನಿಂತು ಸಣ್ಣಗೆ ಆಡ್ತಿದ್ರೆ ಅದು ಖುಷಿ ಅಲ್ಲ. ಆಮೇಲೆ ಗುರ್ ಅನ್ನುತ್ತೆ. ಗುರ್ ಅಂದಾಗ ಹೊಡೆದು ಬಾಯಿ ಮುಚ್ಚಿಸಿದ್ದೀರಿ ಅಂದ್ರೆ ಆ ಒಂದು ಮೆಟ್ಟಿಲನ್ನ ನೀವೇ ಕಿತ್ತುಹಾಕಿದ ಹಾಗೆ. ಮುಂದಿನ ಸಲ ನೇರ ಹಲ್ಲು. "ಸೂಚನೆಯೇ ಇಲ್ಲದೆ" ಬಂದದ್ದು ಅಲ್ಲಿಂದ. ರಾಟ್‌ವೀಲರ್ ಬಾಲ ಕತ್ತರಿಸೋದು, ಪಿಟ್‌ಬುಲ್ ಕಿವಿ ಕತ್ತರಿಸೋದು ಇನ್ನೊಂದು ಕಿಡಿಗೇಡಿತನ. ಮಾತಾಡೋ ಅಂಗವನ್ನೇ ತೆಗೆದು, ಮಾತಾಡಲಿಲ್ಲ ಅಂತೀರಿ.

ಬೀದಿಬಂಧು
ಹಿಡಿದುಬಿಟ್ರೆ ಬಿಡಿಸೋದು ಹೇಗೆ? ಕೋಲಲ್ಲಿ ಬಾರಿಸಬಾರದು ಅಂತಾರೆ.

ಸೀಟಿ_ಟ್ರೇನರ್
ಬಾರಿಸಿದ್ರೆ ಹಿಡಿತ ಬಿಗಿಯಾಗುತ್ತೆ. ಕಚ್ಚಿಸಿಕೊಂಡವರನ್ನ ಎಳೆದ್ರೆ ಮಾಂಸ ಹರಿಯುತ್ತೆ, ಎಳೀಬೇಡಿ. ಇಬ್ಬರು ಬೇಕು. ಒಬ್ಬರು ನಾಯಿಯ ಹಿಂದಿನಿಂದ ಬಂದು ಅದರ ಕುತ್ತಿಗೆಯ ಬೆಲ್ಟನ್ನ ಕಿವಿಗಳ ಹಿಂದೆ ಎತ್ತರಕ್ಕೆ ಸರಿಸಿ ಬಿಗಿಯಾಗಿ ಹಿಡಿದು ತಲೆ ಕೊಡವದ ಹಾಗೆ ಮಾಡಬೇಕು. ಇನ್ನೊಬ್ಬರು ಗಾಯಾಳು ಅಲ್ಲಾಡದಂತೆ ಆಧಾರ ಕೊಡಬೇಕು. ನಾಯಿ ಉಸಿರಿಗಾಗಿ ಸಡಿಲಿಸಿದ ತಕ್ಷಣ ಬೇರ್ಪಡಿಸಿ ಬಾಗಿಲ ಹಿಂದೆ ಹಾಕಿ. ಹಿಡಿಯೋ ಬಗೆಯ ನಾಯಿ ಸಾಕೋರು ದವಡೆ ಹಲ್ಲಿನ ಹತ್ತಿರ ತೂರಿಸಿ ತಿರುಗಿಸೋ ಮರದ ಬ್ರೇಕ್ ಸ್ಟಿಕ್ ಇಟ್ಟಿರಬೇಕು. ಆದರೆ ಬಿಟ್ಟು ಬಿಟ್ಟು ಕಚ್ಚೋ ನಾಯಿಗೆ ಅದನ್ನ ತೂರಿಸಹೋದ್ರೆ ನಿಮ್ಮ ಬೆರಳು ಹೋಗುತ್ತೆ. ಬರೀ ನಾಯಿ-ನಾಯಿ ಜಗಳವಾಗಿ, ಯಾವುದೂ ಹಿಡಿದುಕೊಂಡಿಲ್ಲದಿದ್ರೆ, ಇಬ್ಬರೂ ಒಂದೊಂದರ ಹಿಂಗಾಲು ಎತ್ತಿ ಹಿಂದಕ್ಕೆ ಸರಿಯೋದು ಸಾಕು.

ಕೆಂಗೇರಿ_ಕಿಟ್ಟಿ
ಮಜಲ್ ಹಾಕಿದ್ರೆ ಇದ್ಯಾವ ರಗಳೆಯೂ ಇಲ್ವಲ್ಲ? ಪೆಟ್ ಶಾಪಲ್ಲಿ 150 ರೂ.ಗೆ ಬಟ್ಟೆಯದ್ದು ಸಿಗುತ್ತೆ.

ಪಶುವೈದ್ಯೆ_ಹಾಸನ
ಬಟ್ಟೆಯದ್ದು ಬೇಡವೇ ಬೇಡ. ಅದು ಬಾಯಿಯನ್ನೇ ಕಟ್ಟಿಬಿಡುತ್ತೆ. ನಾಯಿ ಮೈ ತಂಪು ಮಾಡಿಕೊಳ್ಳೋದು ಬಾಯಿ ತೆರೆದು ಏದುಸಿರು ಬಿಟ್ಟು. ಏಪ್ರಿಲ್ ಬಿಸಿಲಲ್ಲಿ ಹತ್ತು ನಿಮಿಷ ನಡೆಸಿದ್ರೆ ಕುಸಿದು ಬೀಳಬಹುದು. ಇಂಜೆಕ್ಷನ್ ಹಾಕೋವಾಗ ಒಂದೆರಡು ನಿಮಿಷಕ್ಕೆ ನಾವು ಬಳಸ್ತೀವಿ, ಅಷ್ಟೇ. ಹೊರಗೆ ಹೋಗೋಕೆ ಬುಟ್ಟಿ ಮಜಲ್ ಬೇಕು, ಎತ್ತಿನ ಬಾಯಿಗೆ ಕಟ್ಟೋ ಕುಕ್ಕೆ ಥರದ್ದು. ಒಳಗೆ ಬಾಯಿ ಪೂರ್ತಿ ತೆರೆದು ನೀರು ಕುಡಿಯೋ ಹಾಗಿರಬೇಕು.

ಮುಧೋಳ_ಮಂದಿ
ಅಳತಿ ಹೆಂಗ ತಗೋಬೇಕ್ರೀ ಮೇಡಂ? ಉದ್ದ ಮೂತಿಗೆ ಅಂಗಡ್ಯಾಗ ಸಿಗೂದೆಲ್ಲ ಗಿಡ್ಡ ಆಗ್ತಾವ.

ಪಶುವೈದ್ಯೆ_ಹಾಸನ
ಕಣ್ಣಿಗಿಂತ ಒಂದು ಬೆರಳು ಕೆಳಗಿನಿಂದ ಮೂಗಿನ ತುದಿವರೆಗೆ ಉದ್ದ ತಗೊಂಡು ಒಂದು ಸೆಂಟಿಮೀಟರ್ ಸೇರಿಸಿ. ಸುತ್ತಳತೆಯನ್ನ ಮೂತಿಯ ಅತಿ ದಪ್ಪ ಜಾಗದಲ್ಲಿ, ಬಾಯಿ ತೆರೆಸಿಟ್ಟು ತಗೊಳ್ಳಿ. ಮುಚ್ಚಿದ ಬಾಯಿಯ ಅಳತೆಗೆ ತಂದ್ರೆ ಏದುಸಿರಿಗೆ ಜಾಗ ಇರಲ್ಲ. ಕುತ್ತಿಗೆ ಪಟ್ಟಿಯ ಕೆಳಗೆ ಒಂದು ಬೆರಳು ಹೋಗಬೇಕು, ಎರಡು ಹೋದ್ರೆ ಮುಂಗಾಲಲ್ಲಿ ಕಿತ್ತುಕೊಳ್ಳುತ್ತೆ. ಮುಧೋಳ, ಗ್ರೇಹೌಂಡ್ ಥರ ಉದ್ದ, ತೆಳು ಮೂತಿಗೆ ಅವುಗಳ ಅಳತೆಯದ್ದೇ ಬೇರೆ ಬರುತ್ತೆ, ರಾಟ್‌ವೀಲರದ್ದು ಆಗಲ್ಲ. ತಂದ ದಿನವೇ ಕಟ್ಟಬೇಡಿ. ಬುಟ್ಟಿಯ ತಳಕ್ಕೆ ಗಟ್ಟಿ ಮೊಸರು ಸವರಿ, ತಾನೇ ಮೂತಿ ಹಾಕಿ ನೆಕ್ಕಲಿ, ಬಕಲ್ ಮುಟ್ಟಬೇಡಿ. ಆರಾಮಾಗಿ ಮೂತಿ ಇಟ್ಟುಕೊಂಡು ನಿಲ್ಲೋ ಹಾಗಾದ ಮೇಲೆ ಎರಡು ಸೆಕೆಂಡಿಗೆ ಬಕಲ್ ಹಾಕಿ ತೆಗೀರಿ, ಆಮೇಲೆ ನಿಧಾನಕ್ಕೆ ಹೊತ್ತು ಹೆಚ್ಚಿಸಿ. ಕಾಲಲ್ಲಿ ಕೆರೆದುಕೊಂಡ್ರೆ ಒಂದು ಹೆಜ್ಜೆ ಹಿಂದೆ ಬನ್ನಿ.

ಮುಧೋಳ_ಮಂದಿ
ಬಾಯಿ ತೆರೆಸಿಟ್ಟು ಅಳೀಬೇಕನ್ನೂದು ಅಂಗಡ್ಯಾವ್ರು ಒಬ್ಬರೂ ಹೇಳೂದಿಲ್ರೀ. ಗ್ರೇಹೌಂಡ್ ಅಳತಿದ ತರಿಸಿ ನೋಡ್ತೀನಿ.